ಶೆಡ್ಡಿಗೆ ಬೀಗವೋ, ಕ್ಯಾಮೆರಾವೋ?

ಮನೆ ಹಿಂದಿನ ಶೆಡ್ಡಿನಲ್ಲಿ ಡ್ರಿಲ್, ಗ್ರೈಂಡರ್ ಇಟ್ಟವರು ಮೊದಲು ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಓಡುವುದು ಕ್ಯಾಮೆರಾಗೆ. ಅದು ಕಳ್ಳನನ್ನು ತೋರಿಸುತ್ತದೆ, ತಡೆಯುವುದಿಲ್ಲ. ಬ್ಯಾಕಪ್ ಇಲ್ಲದೆ ಕರೆಂಟ್ ಹೋದರೆ ಸುಮ್ನೆ ಗೋಡೆಗೆ ಅಲಂಕಾರ.

ಬೀಗಕ್ಕೆ ಖರ್ಚು ಕಡಿಮೆ, ಕೆಲಸ ಜಾಸ್ತಿ. ಆದರೆ ಉದ್ದ ಕೊಂಡಿಯದು ಬೇಡ, ಬೋಲ್ಟ್ ಕಟರ್ ಬಾಯಿಗೆ ಸಲೀಸಾಗಿ ಸಿಗುತ್ತದೆ. ಕೊಂಡಿ ಮರೆಯಾಗಿರುವ ದುಂಡು ಬೀಗ ತೆಗೆದುಕೊಳ್ಳಿ. ಇನ್ನು ಚಿಲಕ. ಅದರ ಸ್ಕ್ರೂ ಹೊರಗೆ ಕಾಣುತ್ತಿದ್ದರೆ ಕಳ್ಳ ಬೀಗ ಮುಟ್ಟುವುದೇ ಇಲ್ಲ, ಸ್ಕ್ರೂಡ್ರೈವರ್ ಸಾಕು! ದುಂಡು ತಲೆಯ ಬೋಲ್ಟ್ ಹೊರಗಿನಿಂದ ತೂರಿಸಿ, ನಟ್ ಒಳಗೆ ಬಿಗಿಸಿ.

ಸೈರನ್? ಶ್ರೀರಾಮಪುರದಂಥ ಒತ್ತೊತ್ತು ಮನೆಗಳಲ್ಲಿ ಸರಿ. ಒಂಟಿ ಸೈಟಿನಲ್ಲಿ ಕೇಳುವವರು ಯಾರು?

ಒಂದಕ್ಕೇ ದುಡ್ಡಿದ್ದರೆ ಬೀಗ. ಪದೇ ಪದೇ ಊರಿಗೆ ಹೋಗುವವರಿಗೆ ಮಾತ್ರ ಕ್ಯಾಮೆರಾನೂ ಬೇಕು. ಮೊಬೈಲಿಗೆ ಅಲರ್ಟ್ ಬಂದರೆ ಅಲ್ಲಿಂದಲೇ ಪಕ್ಕದ ಮನೆಯವರನ್ನು ಎಬ್ಬಿಸಬಹುದು, ಅಲ್ವಾ?