ಒಂದು ನಿಮಿಷದ ಬಣ್ಣದಾಟ: ಕೊಡಗಿನ ಹುಡುಗರ ಫೋನಿನಲ್ಲಿರುವ ಕಲರ್ ಪ್ರಿಡಿಕ್ಷನ್ ಆ್ಯಪ್‌ಗಳ ವಿಮರ್ಶೆ

ಮುಂದೆ ಬೀಳುವ ಬಣ್ಣ ಯಾವುದೆಂದು ಊಹಿಸಿ ಹಣ ಕಟ್ಟುವ ಕಲರ್ ಪ್ರಿಡಿಕ್ಷನ್ ಆಟಕ್ಕೆ ಹತ್ತಾರು ಹೆಸರು. ಹೆಸರು, ಲೋಗೋ, ವೆಬ್ ವಿಳಾಸ ಆಗಾಗ ಬದಲಾಗುತ್ತಲೇ ಇರುತ್ತವೆ, ಒಳಗಿನ ಆಟ ಬದಲಾಗುವುದಿಲ್ಲ. ಹಾಗಾಗಿ ಇದು ಯಾವುದೋ ಒಂದು ಆ್ಯಪ್‌ನ ವಿಮರ್ಶೆಯಲ್ಲ, ಆ ಇಡೀ ತಳಿಯದ್ದು. ಐದರಲ್ಲಿ ಎಷ್ಟು ಅಂಕ ಎಂದು ಕೇಳಿದರೆ ಸೊನ್ನೆ. ಯಾಕೆ ಎಂದು ಲೆಕ್ಕ ಸಮೇತ ಹೇಳಬೇಕಾಗಿದೆ, ಏಕೆಂದರೆ ‘ಜೂಜು ಕೆಟ್ಟದ್ದು’ ಎಂಬ ಬುದ್ಧಿಮಾತನ್ನು ಇಪ್ಪತ್ತರ ಹುಡುಗ ಮನೆಯಲ್ಲಿ ನೂರು ಸಲ ಕೇಳಿರುತ್ತಾನೆ. ಲೆಕ್ಕವನ್ನು ಅವನಿಗೆ ಯಾರೂ ತೋರಿಸಿರುವುದಿಲ್ಲ.

ಪರದೆ ಹೀಗಿರುತ್ತದೆ. ಮೇಲೆ ವಾಲೆಟ್‌ನ ಮೊತ್ತ, ಅದರ ಕೆಳಗೆ ಇಳಿಯುತ್ತಿರುವ ಗಡಿಯಾರ: 30 ಸೆಕೆಂಡ್, 1 ನಿಮಿಷ, 3 ನಿಮಿಷ ಎಂದು ಬೇರೆ ಬೇರೆ ಕೋಣೆಗಳು. ಮಧ್ಯೆ ಹಸಿರು, ನೇರಳೆ, ಕೆಂಪು ಎಂಬ ಮೂರು ಗುಂಡಿ. ಅದರ ಕೆಳಗೆ 0ಯಿಂದ 9ರವರೆಗೆ ಅಂಕಿಗಳು. ಕೊನೆಯ ಐದು ಸೆಕೆಂಡಿಗೆ ಗುಂಡಿಗಳು ಮುಚ್ಚಿ ಟಿಕ್ ಟಿಕ್ ಸದ್ದು ಬರುತ್ತದೆ, ಒಂದು ಅಂಕಿ ಬೀಳುತ್ತದೆ, ಗೆದ್ದಿರೋ ಸೋತಿರೋ ಓದಿ ಮುಗಿಸುವಷ್ಟರಲ್ಲಿ ಮುಂದಿನ ಗಡಿಯಾರ ಓಡಲು ಶುರುವಾಗಿರುತ್ತದೆ.

ನಿಯಮ ಸುಲಭ. 1, 3, 7, 9 ಬಂದರೆ ಹಸಿರು. 2, 4, 6, 8 ಬಂದರೆ ಕೆಂಪು. 5 ಬಂದರೆ ಅರ್ಧ ಹಸಿರು ಅರ್ಧ ನೇರಳೆ, 0 ಬಂದರೆ ಅರ್ಧ ಕೆಂಪು ಅರ್ಧ ನೇರಳೆ. ನೀವು 100 ರೂ. ಕಟ್ಟಿದರೆ ಮೊದಲು 2 ರೂ. ‘ಸೇವಾ ಶುಲ್ಕ’ ಹೋಗುತ್ತದೆ, ಉಳಿದ 98ರ ಮೇಲೆ ಆಟ. ಹಸಿರಿಗೆ ಕಟ್ಟಿ ಹಸಿರು ಬಿದ್ದರೆ ಎರಡು ಪಟ್ಟು, ಅಂದರೆ 196 ರೂ. ಆದರೆ 5 ಬಿದ್ದರೆ ಒಂದೂವರೆ ಪಟ್ಟು ಮಾತ್ರ, 147 ರೂ. ಹತ್ತು ಅಂಕಿಗಳಲ್ಲಿ ನಾಲ್ಕಕ್ಕೆ 196, ಒಂದಕ್ಕೆ 147, ಉಳಿದ ಐದಕ್ಕೆ ಏನೂ ಇಲ್ಲ. ಸರಾಸರಿ ತೆಗೆದರೆ ನೂರಕ್ಕೆ 93 ರೂ. 10 ಪೈಸೆ ವಾಪಸ್. ನೇರಳೆಗೆ ನಾಲ್ಕೂವರೆ ಪಟ್ಟು, ಅಂಕಿಗೆ ಒಂಬತ್ತು ಪಟ್ಟು ಎಂದು ಕಣ್ಣು ಕುಕ್ಕುವಂತೆ ಬರೆದಿರುತ್ತಾರಲ್ಲ, ಅಲ್ಲಿ ಲೆಕ್ಕ ಇನ್ನೂ ಕೆಟ್ಟದ್ದು: ಎರಡರಲ್ಲೂ ನೂರಕ್ಕೆ 88 ರೂ. 20 ಪೈಸೆ.

ನೂರಕ್ಕೆ ಏಳು ರೂಪಾಯಿ ತಾನೇ, ಹೋದರೆ ಹೋಗಲಿ ಎನ್ನಿಸಬಹುದು. ಇಲ್ಲೇ ಗಡಿಯಾರವನ್ನು ಲೆಕ್ಕಕ್ಕೆ ತರಬೇಕು. ಇಸ್ಪೀಟಿನ ಅಂದರ್ ಬಾಹರ್ ಆಡುವವರು ಎಲೆ ಕಲಸಬೇಕು, ಹಂಚಬೇಕು, ನಡುವೆ ಯಾರೋ ಕಾಫಿಗೆ ಏಳುತ್ತಾರೆ. ಇಲ್ಲಿ ಒಂದು ನಿಮಿಷದ ಕೋಣೆಯಲ್ಲಿ ಗಂಟೆಗೆ 60 ಸುತ್ತು. ಸುತ್ತಿಗೆ 100 ರೂ.ನಂತೆ ಗಂಟೆಗೆ 6,000 ರೂ. ಕೈದಾಟುತ್ತದೆ, ಅದರಲ್ಲಿ ಸರಾಸರಿ 414 ರೂ. ಹಿಂದಿರುಗುವುದಿಲ್ಲ. 30 ಸೆಕೆಂಡಿನ ಕೋಣೆಯಲ್ಲಾದರೆ 828. ತೋಟದ ಒಂದು ದಿನದ ಕೂಲಿಯ ಆಸುಪಾಸಿನ ಹಣ ಒಂದು ಗಂಟೆಯಲ್ಲಿ, ಅದೂ ಆಟ ಪ್ರಾಮಾಣಿಕವಾಗಿದ್ದರೆ.

ಪ್ರಾಮಾಣಿಕವಾಗಿದೆ ಎನ್ನಲು ಯಾವ ಆಧಾರವೂ ಇಲ್ಲ. ಅಂಕಿ ಬೀಳುವುದು ಅವರದೇ ಸರ್ವರ್‌ನಲ್ಲಿ. ಯಾವ ಬಣ್ಣಕ್ಕೆ ಎಷ್ಟು ಹಣ ಬಿದ್ದಿದೆ ಎಂಬುದು ಅಂಕಿ ಬೀಳುವ ಮೊದಲೇ ಅವರ ಕಣ್ಣಮುಂದಿರುತ್ತದೆ. ಹೊರಗಿನವರು ಯಾರೂ ತಪಾಸಣೆ ಮಾಡುವುದಿಲ್ಲ. ಕಡಿಮೆ ಹಣ ಬಿದ್ದ ಬಣ್ಣವನ್ನು ಗೆಲ್ಲಿಸಲು ಅವರಿಗೆ ಅಡ್ಡಿ ಏನೂ ಇಲ್ಲ.

ಇನ್ನು ಟೆಲಿಗ್ರಾಂ ಗುಂಪುಗಳ ‘ಪ್ಲಾನ್’. ಹೆಚ್ಚಿನ ಹುಡುಗರು ಮುಳುಗುವುದು ಇದರಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಸೋತರೆ ಮುಂದಿನ ಸುತ್ತಿನಲ್ಲಿ ಎರಡು ಪಟ್ಟು ಕಟ್ಟು, ಒಮ್ಮೆ ಗೆದ್ದರೆ ಎಲ್ಲ ವಾಪಸ್, ಎನ್ನುತ್ತಾರೆ. 10, 20, 40, 80, 160, 320 ಎಂದು ಕಟ್ಟಿ ಆರನೇ ಸಲ ಗೆದ್ದಿರಿ ಎನ್ನಿ. ಕಟ್ಟಿದ ಒಟ್ಟು ಹಣ 630 ರೂ. ಕೈಗೆ ಬರುವುದು 627 ರೂ. 20 ಪೈಸೆ. ನೂರಕ್ಕೆ 2 ರೂ.ನಂತೆ ಹೋಗುವ ಆ ಶುಲ್ಕದಿಂದಾಗಿ ಆರನೇ ಸುತ್ತಿಗೆ ಗೆದ್ದರೂ ನಷ್ಟ. ಇದು ಹುಡುಗರಿಗೆ ಗೊತ್ತಾಗುವ ಹೊತ್ತಿಗೆ ಗುಂಪಿನವರು ‘3ಎಕ್ಸ್ ಪ್ಲಾನ್’ ಕೊಡುತ್ತಾರೆ: 10, 30, 90, 270, 810, 2,430, 7,290. ಏಳು ಸುತ್ತಿಗೆ ಒಟ್ಟು 10,930 ರೂ. ಏಳು ಸಲ ಸತತವಾಗಿ ಸೋಲುವುದು ಅಪರೂಪ ಎಂದು ಮನಸ್ಸು ಹೇಳುತ್ತದೆ. ಸೋಲು ಗೆಲುವು ಅರ್ಧ ಅರ್ಧ ಎಂದಿಟ್ಟುಕೊಂಡರೂ ಏಳು ಸತತ ಸೋಲು ಎದುರಾಗಲು ಬೇಕಾದ ಸುತ್ತುಗಳು ಸರಾಸರಿ 254. ಒಂದು ನಿಮಿಷದ ಕೋಣೆಯಲ್ಲಿ ಅದು ನಾಲ್ಕೂಕಾಲು ಗಂಟೆಯ ಮಾತು. 30 ಸೆಕೆಂಡಿನ ಕೋಣೆಯಲ್ಲಿ ಎರಡು ಗಂಟೆ ಏಳು ನಿಮಿಷ. ಶನಿವಾರ ಸಂಜೆ ಬಟವಾಡೆ ಆಗಿ, ಊಟ ಮುಗಿಸಿ ಒಂಬತ್ತಕ್ಕೆ ಕೂತವನು ರಾತ್ರಿ ಒಂದೂವರೆ ಆಗುವ ಮೊದಲೇ ಆ ಏಳು ಸೋಲನ್ನು ನೋಡಿದರೆ ಆಶ್ಚರ್ಯವಿಲ್ಲ. ಹಣೆಬರಹ ಎಂದು ಹಳಿಯುವಂಥದ್ದು ಅದರಲ್ಲಿ ಏನೂ ಇಲ್ಲ.

ಹಣ ಹಾಕುವ ಬಗೆಯನ್ನೂ ಗಮನಿಸಿ. ‘ಡೆಪಾಸಿಟ್’ ಒತ್ತಿದರೆ ಕ್ಯೂಆರ್ ಕೋಡ್ ಬರುತ್ತದೆ. ಹಣ ಪಡೆಯುವವರ ಹೆಸರು ಕಂಪನಿಯದ್ದಲ್ಲ, ಯಾವುದೋ ರಾಜ್ಯದ ಯಾವನೋ ವ್ಯಕ್ತಿಯದ್ದು, ಇಲ್ಲವೇ ಒಂದು ಕಿರಾಣಿ ಅಂಗಡಿಯದ್ದು. ಮತ್ತೆ ಒತ್ತಿದರೆ ಬೇರೆ ಹೆಸರು. ಹಣ ಕಳಿಸಿದ ಮೇಲೆ 12 ಅಂಕಿಯ ಯುಟಿಆರ್ ಸಂಖ್ಯೆಯನ್ನು, ಅಂದರೆ ಆ ಪಾವತಿಯ ಗುರುತಿನ ಸಂಖ್ಯೆಯನ್ನು, ನೀವೇ ಅಂಟಿಸಬೇಕು. ಇವೆಲ್ಲ ಬಾಡಿಗೆ ಖಾತೆಗಳು. ನೀವು ಗೆದ್ದ ಹಣ ಬರುವುದೂ ಇಂಥದ್ದೇ ಖಾತೆಗಳಿಂದ. ಆ ಖಾತೆಯ ಮೇಲೆ ದೇಶದ ಯಾವುದೋ ಮೂಲೆಯಲ್ಲಿ ಸೈಬರ್ ವಂಚನೆಯ ದೂರು ದಾಖಲಾದರೆ, ಹಣ ಹರಿದ ಜಾಡಿನಲ್ಲಿರುವ ನಿಮ್ಮ ಖಾತೆಗೂ ತಡೆ ಬೀಳುತ್ತದೆ. 500 ರೂ. ಗೆದ್ದವನ ಉಳಿತಾಯ ಖಾತೆ ಸ್ತಬ್ಧವಾಗುತ್ತದೆ. ಅದು ತಂದೆಯ ಜೊತೆಗಿನ ಜಂಟಿ ಖಾತೆಯಾಗಿದ್ದರೆ ಕಾಫಿ ಮಾರಿದ ಹಣವೂ ಅಲ್ಲೇ ಸಿಕ್ಕಿಬೀಳುತ್ತದೆ. ತಡೆ ತೆಗೆಸಲು ಬೇರೆ ರಾಜ್ಯದ ಪೊಲೀಸರೊಂದಿಗೆ ಪತ್ರವ್ಯವಹಾರ ಮಾಡಬೇಕಾಗುತ್ತದೆ.

ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಕೊಟ್ಟರೆ ಕೆಲವು ಸಾವಿರ ಕೊಡುತ್ತೇವೆ ಎಂದು ಕಾಲೇಜು ಹುಡುಗರನ್ನು ಹುಡುಕಿಕೊಂಡು ಬರುವವರು ಈ ಖಾತೆಗಳಿಗಾಗಿಯೇ ಬರುತ್ತಾರೆ. ಆಟ ಆಡಿದವನಿಗಿಂತ ಖಾತೆ ಬಾಡಿಗೆಗೆ ಕೊಟ್ಟವನ ಪಾಡು ಕಷ್ಟ. ವಂಚನೆಯ ಪ್ರಕರಣದಲ್ಲಿ ಮೊದಲು ಬರುವ ಹೆಸರು ಅವನದೇ.

ವಿತ್‌ಡ್ರಾ ವಿಷಯದಲ್ಲಿ ಒಂದು ಕ್ರಮವಿದೆ. ಮೊದಲ ಸಲ 200, 300 ರೂ. ಚಕ್ಕನೆ ಬರುತ್ತದೆ. ನಂಬಿಕೆ ಹುಟ್ಟಿಸಲು ಅದು ಬರಲೇಬೇಕು. ಮೊತ್ತ ದೊಡ್ಡದಾದಾಗ ‘ಇನ್ನೂ ಇಷ್ಟು ಟರ್ನೋವರ್ ಆಗಬೇಕು’ ಎನ್ನುತ್ತದೆ, ಅಂದರೆ ಬೋನಸ್‌ನ ಇಷ್ಟು ಪಟ್ಟು ಮತ್ತೆ ಆಡಿ ಎಂದರ್ಥ. ಅದೂ ಮುಗಿದರೆ ‘30% ತೆರಿಗೆ ಮೊದಲು ಕಟ್ಟಿ’. ಇಲ್ಲಿ ಆಟ ಮುಗಿದು ನೇರ ವಂಚನೆ ಶುರುವಾಗಿದೆ ಎಂದು ತಿಳಿಯಬೇಕು. ಆನ್‌ಲೈನ್ ಆಟದ ಗೆಲುವಿನ ಮೇಲೆ 30% ಟಿಡಿಎಸ್ 2023ರ ಏಪ್ರಿಲ್‌ನಿಂದ ಕಾನೂನಿನಲ್ಲಿ ಇರುವುದು ನಿಜ. ಆದರೆ ಟಿಡಿಎಸ್ ಎಂದರೆ ಕೊಡುವ ಹಣದಲ್ಲಿ ಮುರಿದುಕೊಳ್ಳುವುದು. ಮುಂಗಡವಾಗಿ ಯಾರದೋ ಯುಪಿಐಗೆ ಕಳಿಸುವ ತೆರಿಗೆ ಯಾವ ಕಾನೂನಿನಲ್ಲೂ ಇಲ್ಲ.

ಇದನ್ನು ಹುಡುಗರು ಜಾಹೀರಾತು ನೋಡಿ ಹಾಕಿಕೊಳ್ಳುವುದಕ್ಕಿಂತ ಗೆಳೆಯನ ಮಾತಿಗೆ ಹಾಕಿಕೊಳ್ಳುವುದೇ ಹೆಚ್ಚು. ‘ಮಗಾ, ನನ್ನ ಲಿಂಕಲ್ಲೇ ಹಾಕ್ಕೋ, ನಿಂಗೂ ಬೋನಸ್ ಬರುತ್ತೆ’ ಎಂಬ ಒಂದು ವಾಟ್ಸ್ಆ್ಯಪ್ ಸಂದೇಶ ಸಾಕು. ಲಿಂಕ್ ಕೊಟ್ಟವನಿಗೆ ಕಮಿಷನ್ ಸಿಗುವುದು ಗೆಳೆಯ ಗೆದ್ದಾಗಲೋ ಸೋತಾಗಲೋ ಅಲ್ಲ, ಕಟ್ಟಿದಾಗಲೆಲ್ಲ. ಗೆಳೆಯ ಹೆಚ್ಚು ಹೊತ್ತು ಆಡಿದಷ್ಟೂ ಇವನಿಗೆ ಲಾಭ. ಒಂದೇ ಹಾಸ್ಟೆಲಿನ, ಒಂದೇ ಹಾಕಿ ತಂಡದ ಹುಡುಗರ ನಡುವೆ ಇದು ಹೊಕ್ಕರೆ ಸಾಲದ ಜೊತೆಗೆ ಸ್ನೇಹವೂ ಕೆಡುತ್ತದೆ. ಆಮೇಲೆ ಮನೆಯವರಿಗೆ ಹೇಳಿಕೊಳ್ಳಲು ಜೊತೆಗೆ ನಿಲ್ಲುವ ಒಬ್ಬನೂ ಉಳಿದಿರುವುದಿಲ್ಲ.

ಕಾನೂನಿನ ಬಗ್ಗೆ ಎರಡು ಮಾತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದ ರಾಜ್ಯದ 2021ರ ಪೊಲೀಸ್ ಕಾಯ್ದೆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತ್ತು. ಆದರೆ ಅಲ್ಲಿ ರಕ್ಷಣೆ ಸಿಕ್ಕಿದ್ದು ಕೌಶಲದ ಆಟಗಳಿಗೆ. ಬಣ್ಣ ಊಹಿಸುವುದರಲ್ಲಿ ಯಾವ ಕೌಶಲವೂ ಇಲ್ಲ. ಈಗ ಆ ಭೇದವೂ ಉಳಿದಿಲ್ಲ: 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸುತ್ತದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂ.ವರೆಗೆ ದಂಡ. ಪ್ರಚಾರ ಮಾಡುವವರಿಗೆ 2 ವರ್ಷ, 50 ಲಕ್ಷ. ಆಡಿದವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ‘ದೂರು ಕೊಟ್ಟರೆ ನನ್ನನ್ನೇ ಹಿಡಿಯುತ್ತಾರೆ’ ಎಂದು ಹೆದರಿ ಸುಮ್ಮನಿರುವ ಹುಡುಗರಿಗೆ ಇದನ್ನು ಮೊದಲು ಹೇಳಬೇಕು.

ಇನ್ನು ತಡೆಯುವ ಸಾಧನಗಳು. ಇವನ್ನು ಅಳೆಯಲು ಒಂದೇ ಅಳತೆಗೋಲು ಸಾಕು: ಆಸೆ ಹುಟ್ಟುವುದಕ್ಕೂ ಹಣ ಹೋಗುವುದಕ್ಕೂ ನಡುವೆ ಎಷ್ಟು ಹೊತ್ತು ತರುತ್ತದೆ? ಆಟ ಬದುಕಿರುವುದು ವೇಗದ ಮೇಲೆ, ಹೊತ್ತು ಸಿಕ್ಕಿದರೆ ಮನಸ್ಸು ತಿಳಿಯಾಗುತ್ತದೆ.

ನೆಕ್ಸ್ಟ್‌ಡಿಎನ್‌ಎಸ್ ಎಂಬುದು ಫೋನು ತೆರೆಯಲು ಹೊರಟ ವೆಬ್ ವಿಳಾಸಗಳನ್ನು ಸೋಸಿ ಬೇಡದ್ದನ್ನು ತಡೆಯುವ ಸೇವೆ; ತಿಂಗಳಿಗೆ ಇಂಥ 3 ಲಕ್ಷ ವಿಳಾಸ ಕೋರಿಕೆಗಳವರೆಗೆ ಉಚಿತ. ಖಾತೆ ತೆರೆದರೆ ಆರು ಅಕ್ಷರದ ಸಂಕೇತವಿರುವ ಒಂದು ವಿಳಾಸ ಸಿಗುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರೊಳಗೆ ಪ್ರೈವೇಟ್ ಡಿಎನ್‌ಎಸ್‌ಗೆ ಹೋಗಿ ಅದನ್ನು ಹಾಕಬೇಕು. ಪೇರೆಂಟಲ್ ಕಂಟ್ರೋಲ್ ವಿಭಾಗದಲ್ಲಿ ಜೂಜಿನ ವರ್ಗವನ್ನು ತಡೆಯುವ ಆಯ್ಕೆಯಿದೆ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಬಣ್ಣದಾಟದ ಹೊಸ ವಿಳಾಸಗಳು ನುಸುಳುತ್ತವೆ, ಅವು ಪಟ್ಟಿಗೆ ಸೇರುವಷ್ಟರಲ್ಲಿ ಸತ್ತು ಬೇರೆ ಹುಟ್ಟಿರುತ್ತವೆ. ನಿಜವಾಗಿ ಕೆಲಸ ಮಾಡುವುದು ಸೆಕ್ಯುರಿಟಿ ವಿಭಾಗದ ಇನ್ನೊಂದು ಆಯ್ಕೆ: 30 ದಿನದೊಳಗೆ ನೋಂದಣಿಯಾದ ವಿಳಾಸಗಳನ್ನೆಲ್ಲ ತಡೆಯುವುದು. ವಿಪಿಎನ್ ಮೂಲಕ ತಪ್ಪಿಸಿಕೊಳ್ಳುವುದನ್ನು ತಡೆಯುವ ಗುಂಡಿಯನ್ನೂ ಒತ್ತಿ. ಕೊರತೆ ದೊಡ್ಡದಿದೆ: ಫೋನ್ ಯಾರ ಕೈಯಲ್ಲಿದೆಯೋ ಅವರು ಇಪ್ಪತ್ತು ಸೆಕೆಂಡಿನಲ್ಲಿ ಇದನ್ನು ತೆಗೆಯಬಹುದು. ಬಿಡಬೇಕೆಂದು ತಾನೇ ನಿರ್ಧರಿಸಿದವನಿಗೆ ಒಳ್ಳೆಯದು, ಬಲವಂತಕ್ಕೆ ಕೆಲಸಕ್ಕೆ ಬಾರದು. 5ಕ್ಕೆ 3.

ಯುಪಿಐ ಸರ್ಕಲ್ ಇದಕ್ಕಿಂತ ಗಟ್ಟಿ. ಒಬ್ಬರ ಖಾತೆಯಿಂದ ಇನ್ನೊಬ್ಬರು ತಮ್ಮ ಫೋನಿನಲ್ಲಿ ಪಾವತಿ ಮಾಡಲು ಬಿಡುವ ಸೌಲಭ್ಯ ಇದು: ಹುಡುಗ ಹೀಗೆ ಮಾಡುವ ಪ್ರತಿ ಪಾವತಿಗೂ ಅಮ್ಮನೋ ಅಕ್ಕನೋ ತಮ್ಮ ಪಿನ್ ಒತ್ತಿ ಒಪ್ಪಿಗೆ ಕೊಡುವಂತೆ ಮಾಡಬಹುದು. ಪೂರ್ಣ ಅಧಿಕಾರ ಕೊಡುವ ಬಗೆಯೂ ಇದೆ, ತಿಂಗಳಿಗೆ 15,000, ಒಂದು ಸಲಕ್ಕೆ 5,000 ರೂ. ಮಿತಿಯಲ್ಲಿ; ಈ ಕೆಲಸಕ್ಕೆ ಅದನ್ನು ಆರಿಸಬೇಡಿ. ಎಡವಟ್ಟಾಗುವುದು ಎಲ್ಲಿ ಎಂದರೆ, ಹುಡುಗನ ಸ್ವಂತ ಖಾತೆಯ ಯುಪಿಐ ಹಾಗೇ ಉಳಿದಿರುತ್ತದೆ. ಆ್ಯಪ್ ಅಳಿಸಿದರೆ ಸಾಲದು, ಎಟಿಎಂ ಕಾರ್ಡ್ ಅಥವಾ ಆಧಾರ್ ಒಟಿಪಿ ಇದ್ದರೆ ಎರಡು ನಿಮಿಷದಲ್ಲಿ ಮತ್ತೆ ಪಿನ್ ಮಾಡಿಕೊಳ್ಳಬಹುದು. ಶಾಖೆಗೆ ಅವನೇ ಹೋಗಿ, ಈ ಖಾತೆಗೆ ಯುಪಿಐ ನಿಲ್ಲಿಸಿ ಎಂದು ಲಿಖಿತ ಅರ್ಜಿ ಕೊಡಬೇಕು. 5ಕ್ಕೆ 4.

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಯಾರೂ ಸಾಧನ ಎಂದೇ ಎಣಿಸದ ಒಂದು ವಸ್ತು: ಯುಪಿಐ ಜೋಡಣೆ ಇಲ್ಲದ, ಊರಿನ ಸಹಕಾರ ಸಂಘದ ಉಳಿತಾಯ ಖಾತೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕುಯ್ಲಿನ ಹಣ ಓಡಾಡುವ ಹೊತ್ತಿನಲ್ಲಿ ಕೂಲಿಯನ್ನೋ ಪಾಲನ್ನೋ ಅಲ್ಲಿಗೆ ಹಾಕಿಸಿದರೆ, ಹಣ ತೆಗೆಯಲು ಬೆಳಿಗ್ಗೆ ಸೊಸೈಟಿ ತೆರೆಯುವವರೆಗೆ ಕಾಯಬೇಕು, ಬಸ್ಸು ಹಿಡಿಯಬೇಕು, ಪರಿಚಯದ ಗುಮಾಸ್ತರ ಮುಂದೆ ಚೀಟಿ ಬರೆಯಬೇಕು. ರಾತ್ರಿ ಒಂದು ಗಂಟೆಯ ಆಸೆ ಅಷ್ಟು ದೂರ ನಡೆಯುವುದಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್‌ಗೆ ಹೇಳಿದರೆ ಬಟವಾಡೆಯನ್ನು ಹೀಗೆ ಹೊಂದಿಸಿಕೊಡುವುದು ಕಷ್ಟವೇನಲ್ಲ. ಪೂರ್ತಿ ಅಂಕ ಇದಕ್ಕೆ. ಮನೆಯಲ್ಲಿ ಕಾಳುಮೆಣಸಿನ ಚೀಲ ಕಾರಣವಿಲ್ಲದೆ ಹಗುರಾಗುತ್ತಿದ್ದರೆ ಮಾತ್ರ ಆಟ ಬೇರೆ ದಾರಿ ಹುಡುಕಿಕೊಂಡಿದೆ ಎಂದು ತಿಳಿದು ಕೂತು ಮಾತಾಡಬೇಕು. ಬೈಯುವುದು ಬೇಡ, ಬೈಗುಳ ತಿಂದವನು ನಷ್ಟ ತುಂಬಿಸಲು ಮತ್ತೆ ಆ ಕೋಣೆಗೇ ಹೋಗುತ್ತಾನೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಉಚಿತ, 24 ಗಂಟೆ, ಕನ್ನಡದಲ್ಲಿ ಮಾತಾಡಬಹುದು. ಇಂಟರ್‌ನೆಟ್ ಬೇಡದ ಮಾಮೂಲಿ ಕರೆಯಾದ್ದರಿಂದ ಡೇಟಾ ಸಿಗದ ತೋಟದಲ್ಲೂ ಒಂದು ಗೆರೆ ಸಿಗ್ನಲ್ ಇದ್ದರೆ ಸಾಕು. ಮನೆಯವರೂ ಕರೆ ಮಾಡಬಹುದು. ಜೂಜಿನ ಚಟ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿರುವ ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಫೋನಿನ ಸಲಹೆ ಸಾಲದಾದರೆ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಚಟಕ್ಕೆಂದೇ ಶಟ್ ಕ್ಲಿನಿಕ್ ಇದೆ. ಸಾಲದ ಒತ್ತಡದಲ್ಲಿ ಜೀವ ಕಳೆದುಕೊಳ್ಳುವ ಮಾತು ಬಾಯಲ್ಲಿ ಬಂದರೆ ಮರುದಿನಕ್ಕೆ ಕಾಯಬಾರದು, ಆಗಲೇ ಕರೆ ಮಾಡಿ, ಹುಡುಗನನ್ನು ಒಬ್ಬನೇ ಬಿಡಬೇಡಿ.

‘ತೆರಿಗೆ ಕಟ್ಟಿ’ ಎಂದು ಹಣ ಕಿತ್ತುಕೊಂಡಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಗಂಟೆಗಳಲ್ಲಿ ಕರೆ ಹೋದರೆ ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವ ಸಾಧ್ಯತೆ ಹೆಚ್ಚು. ಆಮೇಲೆ ಮಡಿಕೇರಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಬಹುದು. ಕೈಯಲ್ಲಿ ಇರಬೇಕಾದ್ದು: ಪ್ರತಿ ಪಾವತಿಯ 12 ಅಂಕಿಯ ಯುಟಿಆರ್, ಮೊತ್ತ, ದಿನಾಂಕ, ಸಮಯ, ಹಣ ಪಡೆದವರ ಯುಪಿಐ ವಿಳಾಸ, ಟೆಲಿಗ್ರಾಂ ಗುಂಪಿನ ಹೆಸರು ಮತ್ತು ಮಾತುಕತೆ. ಸಿಟ್ಟಿಗೆ ಆ್ಯಪ್ ಅಳಿಸುವವರು ಬಹಳ. ಅಳಿಸಿ, ಆದರೆ ಡೆಪಾಸಿಟ್ ಮತ್ತು ವಿತ್‌ಡ್ರಾ ಪುಟಗಳ ಸ್ಕ್ರೀನ್‌ಶಾಟ್ ತೆಗೆದು ಇನ್ನೊಬ್ಬರ ಫೋನಿಗೆ ಕಳಿಸಿದ ಮೇಲೆ.