ಮೇಲೆ ಒಣಗಿತ್ತು, ಬುಡದಲ್ಲಿ ಹಸಿಯಿತ್ತು: ಪುಲಿ ನಾಯಿ ಸಾಕುವವರ ಗಮನಕ್ಕೆ

ಬುಡಾಪೆಸ್ಟ್‌ನಲ್ಲಿರುವ ನಮ್ಮ ಮನೆಯಲ್ಲಿ 5 ವರ್ಷದ ಪುಲಿ ನಾಯಿಯೊಂದಿದೆ. ಹಂಗೇರಿಯ ಬಯಲಿನಲ್ಲಿ ಕುರಿ ಕಾಯುತ್ತಿದ್ದ ಈ ತಳಿಯ ಉಣ್ಣೆಯಂಥ ಒಳಗೂದಲು ಒರಟಾದ ಹೊರಗೂದಲಿನೊಡನೆ ಹೆಣೆದುಕೊಂಡು, ಸನ್ಯಾಸಿಯ ಜಟೆಯಂತೆ ಗಟ್ಟಿಯಾದ ಜಡೆಗಳಾಗುತ್ತದೆ. ಇದಕ್ಕೆ ಬಾಚಣಿಗೆ ತಾಗಿಸುವಂತಿಲ್ಲ. ಬುಡದಲ್ಲಿ ಒಂದಕ್ಕೊಂದು ಅಂಟಿದ ಜಡೆಗಳನ್ನು ಬೆರಳಿನಿಂದಲೇ ಬಿಡಿಸುತ್ತಿರಬೇಕು, ಇಲ್ಲವಾದರೆ ಮೈಯೆಲ್ಲ ಒಂದೇ ಕಂಬಳಿಯಾಗಿ ಬಿಗಿದುಕೊಳ್ಳುತ್ತದೆ. ಇಷ್ಟು ನಮಗೆ ಗೊತ್ತಿತ್ತು. ಸ್ನಾನಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸವೆಂಬುದನ್ನು ಮಾತ್ರ ನಾವು ಹಗುರವಾಗಿ ತೆಗೆದುಕೊಂಡಿದ್ದೆವು.

ಬೇಸಿಗೆಯಲ್ಲಿ ನಾವೇ ಸ್ನಾನ ಮಾಡಿಸಿ, ದಿನವಿಡೀ ಫ್ಯಾನಿನ ಮುಂದೆ ಮಲಗಿಸುತ್ತಿದ್ದೆವು. ಕಳೆದ ಜನವರಿಯಲ್ಲಿ ಹಿಮ ಕರಗಿದ ಕೆಸರಿನಲ್ಲಿ ಅವಳು ಹೊರಳಾಡಿ ಬಂದಾಗ, ಚಳಿಗೆ ಅಂಜಿ, ನಾಯಿಗಳಿಗೆ ಸ್ನಾನ ಮಾಡಿಸುವ ಅಂಗಡಿಯೊಂದರಲ್ಲಿ ಬಿಟ್ಟೆವು. ಸಂಜೆ ಕರೆತರಲು ಹೋದಾಗ ನಾನು ಜಡೆಗಳ ತುದಿಯನ್ನು ಮುಟ್ಟಿ ನೋಡಿದೆ, ಒಣಗಿತ್ತು, ಘಮಘಮಿಸುತ್ತಿತ್ತು. ಹಣ ಕೊಟ್ಟು ಬಂದೆ.

ಮೂರನೆಯ ದಿನ, ಮಳೆಗಾಲದಲ್ಲಿ ಒಣಗದೆ ಮಡಿಸಿಟ್ಟ ಕಂಬಳಿಯ ಮುಗ್ಗಲು ವಾಸನೆ ಮನೆ ತುಂಬಿತು. ಕಿವಿಯ ಸೋಂಕಿರಬಹುದೆಂದು ಇನ್ನೊಂದು ದಿನ ಕಳೆದದ್ದು ನನ್ನ ಎರಡನೆಯ ತಪ್ಪು. ಅವಳು ಸೊಂಟವನ್ನು ತಾನೇ ಕಚ್ಚಿಕೊಳ್ಳಲು ತೊಡಗಿದಾಗ ಜಡೆಗಳನ್ನು ಸೀಳಿ ನೋಡಿದರೆ, ಬುಡವು ಹಿಂಡದ ಸ್ಪಂಜಿನಂತೆ ತಣ್ಣಗಿತ್ತು, ತೊಳೆದುಹೋಗದ ಶಾಂಪೂ ಬಿಳಿಯಾಗಿ ಅಂಟಿತ್ತು, ಕೆಂಪಾದ ಚರ್ಮದಿಂದ ರಸಿಗೆ ಒಸರುತ್ತಿತ್ತು. ಗಾಳಿಯಾಡಿ ಮುಲಾಮು ತಾಗಬೇಕಾದರೆ ಕೂದಲು ತೆಗೆಯದೆ ಬೇರೆ ದಾರಿಯಿಲ್ಲವೆಂದ ಪಶುವೈದ್ಯರು ಸೊಂಟದಿಂದ ತೊಡೆಯವರೆಗೆ ಬೋಳಿಸಿದರು. ವರ್ಷಗಟ್ಟಲೆ ಬೆಳೆದ ಜಡೆಗಳು ಅರ್ಧ ಗಂಟೆಯಲ್ಲಿ ನೆಲಕ್ಕೆ ಬಿದ್ದವು.

ಉದ್ದ ಕೂದಲಿನ ಎಲ್ಲ ನಾಯಿಗಳಂತೆ ಇವಳನ್ನೂ 2 ಗಂಟೆ ಒಣಗಿಸಿದೆವೆಂದು ಅಂಗಡಿಯವರು ಹೇಳಿದರು. ಸುಳ್ಳಲ್ಲದಿರಬಹುದು, ಆದರೆ ದಪ್ಪ ಜಡೆಯ ಒಳಗಿನ ನೀರು ಅಷ್ಟರಲ್ಲಿ ಆರುವುದಿಲ್ಲ; ಪೂರ್ತಿ ಒಣಗಲು ಒಮ್ಮೊಮ್ಮೆ ಇಡೀ ದಿನ ಸಾಲದು.

ಆದ್ದರಿಂದ ಇಂಥ ನಾಯಿಯನ್ನು ಬೇರೆಯವರ ಕೈಗೆ ಕೊಡುವಾಗ, ಜಡೆಗೂದಲಿನ ನಾಯಿಗೆ ಹಿಂದೆ ಸ್ನಾನ ಮಾಡಿಸಿದ್ದೀರಾ, ಎಷ್ಟು ಹೊತ್ತು ಒಣಗಿಸುತ್ತೀರಿ ಎಂದು ಕೇಳಿರಿ. ಗಂಟೆ ಎರಡು ಗಂಟೆಯ ಉತ್ತರ ಬಂದರೆ ನಾಯಿಯೊಡನೆ ಮರಳಿರಿ. ಶಾಂಪೂವನ್ನು ನೀರಿನಲ್ಲಿ ಚೆನ್ನಾಗಿ ತೆಳುಮಾಡಿ, ಉಜ್ಜದೆ ಜಡೆಗಳ ಮೂಲಕ ಹಿಂಡಬೇಕು. ಹಿಂಡಿದ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಒಂದೊಂದು ಹಿಡಿಯಾಗಿ ದಪ್ಪ ಟವೆಲಿನಲ್ಲಿ ಒತ್ತಿದ ಮೇಲೆಯೇ ಫ್ಯಾನು. ಬೇಗ ಮುಗಿಯಲೆಂದು ಬಿಸಿಗಾಳಿ ಹೆಚ್ಚಿಸಿದರೆ ಚರ್ಮ ಸುಟ್ಟೀತು. ಮನೆಗೆ ಕರೆತರುವ ಮೊದಲು ಕಿವಿಯ ಹಿಂದೆ, ಮುಂಗಾಲಿನ ಸಂದಿಯಲ್ಲಿ, ಬಾಲದ ಬುಡದಲ್ಲಿ ಬೆರಳನ್ನು ಚರ್ಮದವರೆಗೆ ತೂರಿಸಿ ನೋಡಿರಿ. ಅಲ್ಲಿ ತಣ್ಣಗಿದ್ದರೆ ನಾಯಿ ಇನ್ನೂ ಒಣಗಿಲ್ಲ.