ಸ್ಟ್ರಾದಲ್ಲಿ ಉಸಿರಾಡಿಸಿದ ಸೈಕಾಲಜಿಸ್ಟ್: 14 ಸಿಬಿಟಿ ಸೆಷನ್ ಆದ ಮೇಲೆ

ಲಿಫ್ಟಿನ ಬಾಗಿಲು ಮುಚ್ಚಿದ ಕೂಡಲೇ ನನಗೆ ಎದೆ ಡವಡವ. ಕೈಬೆರಳು ಜುಮ್ಮೆನ್ನುವುದು, ಉಸಿರು ಕಟ್ಟಿದ ಹಾಗಾಗುವುದು, ಇವತ್ತು ಸತ್ತೇ ಹೋದೆ ಅನ್ನಿಸುವುದು. ಎರಡು ಸಲ ಇಸಿಜಿ ಮಾಡಿಸಿದೆ, ಎರಡೂ ನಾರ್ಮಲ್. ಕೊನೆಗೆ ಹೃದಯದ ಡಾಕ್ಟರೇ ಇದು ಪ್ಯಾನಿಕ್ ಎಂದು ಹೇಳಿ, ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಯೋಚನೆ ಮತ್ತು ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಚಿಕಿತ್ಸೆ) ಮಾಡುವ ಸೈಕಾಲಜಿಸ್ಟ್ ಹತ್ತಿರ ಕಳಿಸಿದರು.

ಅದಕ್ಕೂ ಮುಂಚೆ ಒಬ್ಬ ಕೌನ್ಸೆಲರ್ ಹತ್ತಿರ ಮೂರು ಸಲ ಹೋಗಿದ್ದೆ. ಅಲ್ಲಿ ಸಿಕ್ಕಿದ್ದು 'ಪಾಸಿಟಿವ್ ಆಗಿ ಯೋಚಿಸಿ' ಎನ್ನುವ ಉಪದೇಶ. ಅದು ನನ್ನ ಕೈಲಿ ಆಗುವ ಹಾಗಿದ್ದರೆ ನಾನ್ಯಾಕೆ ಅಲ್ಲಿಗೆ ಹೋಗುತ್ತಿದ್ದೆ, ಅಲ್ವಾ?

ಈ ಸೈಕಾಲಜಿಸ್ಟ್ ಮೊದಲ ದಿನವೇ ಬೋರ್ಡಿನ ಮೇಲೆ ಒಂದು ವೃತ್ತ ಬರೆದರು. ಎದೆಬಡಿತ ಜಾಸ್ತಿಯಾಗುತ್ತದೆ, ಅದನ್ನು ನಾನು ಹಾರ್ಟ್ ಅಟ್ಯಾಕ್ ಅಂದುಕೊಳ್ಳುತ್ತೇನೆ, ಹೆದರುತ್ತೇನೆ, ಹೆದರಿದ್ದಕ್ಕೆ ಬಡಿತ ಇನ್ನೂ ಜೋರಾಗುತ್ತದೆ. 1986ರಲ್ಲಿ ಡೇವಿಡ್ ಕ್ಲಾರ್ಕ್ ಎಂಬ ಬ್ರಿಟಿಷ್ ಸೈಕಾಲಜಿಸ್ಟ್ ಬರೆದಿಟ್ಟ ಸುತ್ತು ಇದಂತೆ. ನನ್ನ ಕಥೆಯನ್ನು ಯಾರೋ ಆಗಲೇ ಬರೆದಿದ್ದಾರಲ್ಲ ಎಂದು ನಗು ಬಂತು.

ಆಮೇಲೆ ಶುರುವಾಯಿತು ಹೋಂವರ್ಕ್. ಏನಾಯಿತು, ಏನನ್ನಿಸಿತು, ಅದನ್ನು 100ಕ್ಕೆ ಎಷ್ಟು ನಂಬಿದೆ ಅಂತ ಬರೆಯಬೇಕು. 'ಲಿಫ್ಟಿನಲ್ಲಿ ಸಾಯುತ್ತೇನೆ' ಎನ್ನುವುದಕ್ಕೆ 90 ಹಾಕಿದ್ದೆ.

"ಹೀಗೆ ಎಷ್ಟು ಸಲ ಅನ್ನಿಸಿದೆ?" ಎಂದು ಕೇಳಿದರು.

"ಒಂದು ನಲವತ್ತು ಸಲ."

"ಎಷ್ಟು ಸಲ ಸತ್ತಿರಿ?"

ಉತ್ತರ ನನ್ನ ಹತ್ತಿರ ರೆಡಿ ಇತ್ತು. ಕೈಯಲ್ಲಿ ನೀರಿನ ಬಾಟಲಿ ಇತ್ತು, ಅದಕ್ಕೇ ಬದುಕಿದೆ ಅಂದೆ! ಇದಕ್ಕೆ ಸೇಫ್ಟಿ ಬಿಹೇವಿಯರ್ ಅಂತಾರೆ. ಬದುಕಿಸಿದ್ದು ಬಾಟಲಿ ಅಂತ ಮನಸ್ಸು ಲೆಕ್ಕ ಬರೆದುಕೊಂಡಿರುತ್ತದೆ, ಹಾಗಾಗಿ ನಲವತ್ತು ಸಲ ಬದುಕಿ ಬಂದರೂ ಭಯ ಒಂದಿಷ್ಟೂ ಇಳಿಯುವುದಿಲ್ಲ. ಮುಂದಿನ ವಾರ ಬಾಟಲಿ ಬಿಟ್ಟು ಬನ್ನಿ ಎಂದರು. ಸಿಟ್ಟು ಬಂತು, ಸುಳ್ಳು ಹೇಳಲ್ಲ.

ಐದನೇ ಸೆಷನ್ ಮರೆಯುವ ಹಾಗೇ ಇಲ್ಲ. ಮೂಗು ಮುಚ್ಚಿಕೊಂಡು ಸಣ್ಣ ಸ್ಟ್ರಾದಲ್ಲಿ ಉಸಿರಾಡಿ ಅಂದರು. ಆಮೇಲೆ ಒಂದು ನಿಮಿಷ ಬೇಗ ಬೇಗ ಉಸಿರು. ಆಮೇಲೆ ತಿರುಗುವ ಕುರ್ಚಿಯಲ್ಲಿ ಗರಗರ ಸುತ್ತು. ಅದೇ ಜುಮ್ಮು, ಅದೇ ತಲೆಸುತ್ತು, ಎಲ್ಲಾ ಬಂತು. ಬಂದು ಹೋಯಿತು. ಇಷ್ಟು ದಿನ ನಾನು ಓಡಿಹೋಗುತ್ತಿದ್ದುದನ್ನು ಈಯಮ್ಮ ಬೇಕಂತಲೇ ಬರಿಸಿ, ಪಕ್ಕದಲ್ಲಿ ಸುಮ್ನೆ ಕೂತಿದ್ದರು. ಆಮೇಲೆ ಲಿಫ್ಟ್: ಮೊದಲು ಅವರ ಜೊತೆ ಒಂದು ಮಹಡಿ, ನಂತರ ಒಬ್ಬಳೇ, ಕೊನೆಗೆ ಜನ ತುಂಬಿದ್ದಾಗ.

ಬೇಜಾರಾದದ್ದೂ ಇದೆ. ಮೂರು ಸೆಷನ್ ಕಾಲು ಗಂಟೆ ತಡವಾಗಿ ಶುರುವಾದವು, ಮುಗಿಯುವುದು ಮಾತ್ರ ಸರಿಯಾದ ಸಮಯಕ್ಕೆ. ಪ್ರತಿ ವಾರ ಅದೇ ಪ್ರಶ್ನೆಗಳ ಫಾರ್ಮ್ ತುಂಬಿ ತುಂಬಿ ಸಾಕಾಯಿತು. ಮನಸ್ಸು ಬಿಚ್ಚಿ ಗಂಟೆಗಟ್ಟಲೆ ಮಾತಾಡಬೇಕು ಅನ್ನುವವರಿಗೆ ಇದು ಸ್ವಲ್ಪ ಒಣಒಣ ಅನ್ನಿಸಬಹುದು. ಬೋರ್ಡಿನಲ್ಲಿ ಸಿಬಿಟಿ ಅಂತ ಬರೆದುಕೊಂಡವರೆಲ್ಲ ಇದನ್ನೇ ಮಾಡುವುದಿಲ್ಲ. ಫೋನಿನಲ್ಲೇ ಕೇಳಿಬಿಡಿ: ಇದರಲ್ಲಿ ತರಬೇತಿ ಎಲ್ಲಿ ಆಯಿತು, ಹೋಂವರ್ಕ್ ಕೊಡುತ್ತೀರಾ, ರೂಮಿನಿಂದ ಹೊರಗೆ ನನ್ನ ಜೊತೆ ಬರುತ್ತೀರಾ?

5ಕ್ಕೆ 4 ಕೊಡುತ್ತೇನೆ. ಮೊನ್ನೆ ಲಿಫ್ಟ್ ಎರಡು ಮಹಡಿ ನಡುವೆ ನಿಂತುಬಿಟ್ಟಿತು. ಎದೆ ಹೊಡೆದುಕೊಂಡಿತು, ಬಾಟಲಿ ಇರಲಿಲ್ಲ. ಹೊರಗೆ ಬಂದು, 'ಲಿಫ್ಟಿನಲ್ಲಿ ಸಾಯುತ್ತೇನೆ' ಎನ್ನುವುದಕ್ಕೆ 15 ಅಂತ ಬರೆದುಕೊಂಡೆ. ಮುಂದಿನ ತಿಂಗಳು ಫಾಲೋ-ಅಪ್ ಇದೆ, ಅದಕ್ಕೂ ಹೋಂವರ್ಕ್ ಕೊಟ್ಟಿದ್ದಾರೆ.